ಅಕ್ರಿಲಿಕ್ ಒಳಗಿನ ಮೆಗ್ನೀಷಿಯಂ: ಹೈಡ್ರೋಜನ್ ಹಿಡಿದಿಡಲು ಇನ್ನೇನು ಬೇಕು?

ಪ್ರಶ್ನೆ: ನಾನು ಉಡುಪಿಯಲ್ಲಿ ರಸಾಯನಶಾಸ್ತ್ರ ಎಂ.ಎಸ್ಸಿ. ಓದುತ್ತಿದ್ದೇನೆ. ನಮ್ಮ ಮನೆಯವರದ್ದು ಮಲ್ಪೆಯಲ್ಲಿ ಒಂದು ಬೋಟ್ ಉಂಟು. ಮೆಗ್ನೀಷಿಯಂನ ನ್ಯಾನೊ ಕಣಗಳನ್ನು ಅಕ್ರಿಲಿಕ್ ಥರದ ಪಾಲಿಮರ್ ಒಳಗೆ ಕೂರಿಸಿದರೆ ಅವು ಗಾಳಿಗೆ ಹಾಳಾಗದೆ ಹೈಡ್ರೋಜನ್ ಹೀರಿಕೊಂಡು ಮತ್ತೆ ಬಿಡುತ್ತವೆ ಅಂತ ಓದಿದೆ. ಆ ಸಂಶೋಧನೆ ಬಂದು ಹತ್ತು ವರ್ಷದ ಮೇಲಾಯಿತು. ಇನ್ನೂ ಯಾಕೆ ಬಳಕೆಗೆ ಬಂದಿಲ್ಲ? ಇದನ್ನು ಸುಧಾರಿಸಬೇಕಾದರೆ ಎಲ್ಲಿ ಕೈ ಹಾಕಬೇಕು? ನಮ್ಮ ಬೋಟಿಗೆ ಆಗಬಹುದಾ? ದೊಡ್ಡ ಲ್ಯಾಬ್ ಇಲ್ಲದೆ ಇದರ ಮೇಲೆ ಪ್ರಾಜೆಕ್ಟ್ ಮಾಡಲು ಸಾಧ್ಯವಾ?

ಉತ್ತರ:

ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಪಾಲಿಮರ್, ಅಂದರೆ ಉದ್ದ ಸರಪಣಿಯಂಥ ಅಣುಗಳ ಪ್ಲಾಸ್ಟಿಕ್, ಮಾಡುವುದು ಕಾವಲಿನ ಕೆಲಸ. ಲೋಹದ ಕಣಗಳು ಒಂದಕ್ಕೊಂದು ಅಂಟಿಕೊಳ್ಳದಂತೆ, ಗಾಳಿ ತಾಗದಂತೆ ಅದು ನೋಡಿಕೊಳ್ಳುತ್ತದೆ. ಆದರೆ ಲೋಹ ಹೈಡ್ರೋಜನನ್ನು ಎಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ ಅನ್ನುವುದನ್ನು ಪಾಲಿಮರ್ ಬದಲಿಸುವುದಿಲ್ಲ. ಮೆಗ್ನೀಷಿಯಂ ಬಹಳ ಬಿಗಿಯಾಗಿ ಹಿಡಿಯುತ್ತದೆ. ಅದರಿಂದ ಹೈಡ್ರೋಜನ್ ಬಿಡಿಸಲು ಬೇಕಾದ ಬಿಸಿಯಲ್ಲಿ ಅಕ್ರಿಲಿಕ್ ಮೆತ್ತಗಾಗಿಬಿಡುತ್ತದೆ. ತೊಡಕು ಇರುವುದೇ ಇಲ್ಲಿ. ಹಾಗಾಗಿ ಯಾವ ಪಾಲಿಮರ್ ಅಂತ ಮೊದಲು ಕೇಳಬೇಡಿ. ಯಾವ ಲೋಹ, ಎಷ್ಟು ಬಿಸಿ ಅಂತ ಮೊದಲು ತೀರ್ಮಾನಿಸಿ. ಆ ಬಿಸಿಯನ್ನು ತಡೆಯುವ, ಆ ಲೋಹದ ಜೊತೆ ಜಗಳವಾಡದ ಪಾಲಿಮರ್ ಆಮೇಲೆ ಹುಡುಕಿ. ನನ್ನ ಮಟ್ಟಿಗೆ ಸುಧಾರಣೆಯ ದಾರಿ ಇದೇ.

ಇನ್ನು ಸ್ವಲ್ಪ ಹಿಂದಿನಿಂದ ಬರೋಣ. ಹೈಡ್ರೋಜನ್ ತೂಕದಲ್ಲಿ ಹಗುರ, ಜಾಗ ಮಾತ್ರ ಬಹಳ ಕೇಳುತ್ತದೆ. ಒಂದು ಕೆಜಿ ಹೈಡ್ರೋಜನ್ ಉರಿಸಿದರೆ 120 ಮೆಗಾಜೂಲ್ ಶಕ್ತಿ ಬರುತ್ತದೆ. ಪೆಟ್ರೋಲ್‌ಗೆ ಹೋಲಿಸಿದರೆ ಎರಡೂವರೆ ಪಟ್ಟಿಗಿಂತ ಜಾಸ್ತಿ. ಆದರೆ ಮಾಮೂಲಿ ಒತ್ತಡದಲ್ಲಿ ಆ ಒಂದು ಕೆಜಿಗೆ ಸುಮಾರು 12,000 ಲೀಟರ್ ಜಾಗ ಬೇಕು. 700 ಬಾರ್ ಒತ್ತಡದಲ್ಲಿ ಅದುಮಿದರೆ 25 ಲೀಟರ್. ಮೈನಸ್ 253 ಡಿಗ್ರಿಗೆ ಇಳಿಸಿ ದ್ರವ ಮಾಡಿದರೆ 14 ಲೀಟರ್. ಮೆಗ್ನೀಷಿಯಂ ಜೊತೆ ಸೇರಿಸಿ ಮೆಗ್ನೀಷಿಯಂ ಹೈಡ್ರೈಡ್ ಅನ್ನುವ ಸಂಯುಕ್ತ ಮಾಡಿ ಇಟ್ಟರೆ ಬರೀ 9 ಲೀಟರ್, ಅದೂ ಯಾವ ಒತ್ತಡವೂ ಇಲ್ಲದೆ! ಲೋಹಗಳು ಹೈಡ್ರೋಜನ್ ಹೀರುತ್ತವೆ ಅನ್ನುವುದು ಹಳೆಯ ವಿಷಯ, 1866ರಲ್ಲೇ ಥಾಮಸ್ ಗ್ರಹಾಂ ಪಲ್ಲಾಡಿಯಂನಲ್ಲಿ ಅದನ್ನು ಕಂಡಿದ್ದರು. ಪಲ್ಲಾಡಿಯಂ ಬಹಳ ದುಬಾರಿ ವಸ್ತು. ಮೆಗ್ನೀಷಿಯಂ ಅಗ್ಗ, ಸಮುದ್ರದ ನೀರಿನಲ್ಲೇ ಉಂಟು. ಮೆಗ್ನೀಷಿಯಂ ಹೈಡ್ರೈಡ್‌ನ ತೂಕದಲ್ಲಿ 7.6 ಶೇಕಡಾ ಹೈಡ್ರೋಜನ್. ಎಲ್ಲರೂ ಅದರ ಹಿಂದೆ ಬೀಳುವುದು ಇದಕ್ಕೇ.

ಮೆಗ್ನೀಷಿಯಂಗೆ ಎರಡು ರೋಗ. ಈ ಎರಡನ್ನೂ ಒಂದೇ ಅಂದುಕೊಳ್ಳುವವರು ಜಾಸ್ತಿ, ಆದ್ದರಿಂದ ಬಿಡಿಸಿ ಹೇಳುತ್ತೇನೆ.

ಒಂದನೆಯದು ನಿಧಾನ. ಮೆಗ್ನೀಷಿಯಂ ಕಣದ ಹೊರಮೈ ಹೈಡ್ರೈಡ್ ಆದ ಮೇಲೆ ಒಳಗಿನ ಲೋಹಕ್ಕೆ ಹೈಡ್ರೋಜನ್ ತಲುಪಬೇಕಾದರೆ ಆ ಹೈಡ್ರೈಡ್ ಪದರವನ್ನೇ ದಾಟಬೇಕು. ಹೈಡ್ರೈಡ್ ಒಳಗೆ ಅದರ ನಡಿಗೆ ಬಹಳ ನಿಧಾನ. ಬೇಕಾಗುವ ಸಮಯ ದೂರದ ವರ್ಗದಷ್ಟು ಏರುತ್ತದೆ. ಕಣವನ್ನು ಹತ್ತು ಪಟ್ಟು ಸಣ್ಣ ಮಾಡಿದರೆ ಸಮಯ ನೂರು ಪಟ್ಟು ಇಳಿಯುತ್ತದೆ. 50 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಸಾವಿರ ನ್ಯಾನೊಮೀಟರ್) ಪುಡಿಯ ಬದಲು 5 ನ್ಯಾನೊಮೀಟರ್ ಕಣ ತೆಗೆದುಕೊಂಡರೆ ಲಾಭ ಎಷ್ಟಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ. ಸ್ವಲ್ಪ ನಿಕ್ಕಲ್, ಟೈಟಾನಿಯಂ ಅಥವಾ ನಯೋಬಿಯಂ ಆಕ್ಸೈಡ್ ಸೇರಿಸಿದರೂ ವೇಗ ಹೆಚ್ಚುತ್ತದೆ.

ಎರಡನೆಯದು ಬಿಗಿ. ಒಂದು ಮೋಲ್, ಅಂದರೆ 2 ಗ್ರಾಂ, ಹೈಡ್ರೋಜನ್ ಬಿಡಿಸಲು ಮೆಗ್ನೀಷಿಯಂ ಹೈಡ್ರೈಡ್‌ಗೆ ಸುಮಾರು 75 ಕಿಲೋಜೂಲ್ ಬಿಸಿ ಕೊಡಬೇಕು. ಬಿಡುಗಡೆಯಾದಾಗ ಅನಿಲಕ್ಕೆ ಸಿಗುವ ಎಂಟ್ರೊಪಿ (ಅಣುಗಳು ಚದುರಿ ಓಡಾಡುವ ಸ್ವಾತಂತ್ರ್ಯದ ಅಳತೆ) ಹೆಚ್ಚುಕಮ್ಮಿ ಎಲ್ಲ ಲೋಹಗಳಲ್ಲೂ ಒಂದೇ, ಮೋಲ್‌ಗೆ ಸುಮಾರು 130 ಜೂಲ್ ಪ್ರತಿ ಕೆಲ್ವಿನ್. 75,000ವನ್ನು 130ರಿಂದ ಭಾಗಿಸಿ. 577 ಕೆಲ್ವಿನ್ ಬರುತ್ತದೆ, ಅಂದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್. ಒಂದು ಬಾರ್ ಒತ್ತಡದಲ್ಲಿ ಹೈಡ್ರೋಜನ್ ಬೇಕಾದರೆ ಅಷ್ಟು ಬಿಸಿ ಬೇಕು. ಇದೇ ಲೆಕ್ಕವನ್ನು ಹಿಂದಿನಿಂದ ಮಾಡಿ ನೋಡಿ. 27 ಡಿಗ್ರಿಯಲ್ಲಿ ಬಿಡಬೇಕು ಅಂದರೆ ಬಿಗಿ 39 ಕಿಲೋಜೂಲ್‌ನಷ್ಟೇ ಇರಬೇಕು. ಕಣ ಸಣ್ಣದು ಮಾಡಿದರೂ, ನಿಕ್ಕಲ್ ಬೆರೆಸಿ ವೇಗ ಹೆಚ್ಚಿಸಿದರೂ ಈ 75 ಹಾಗೇ ನಿಲ್ಲುತ್ತದೆ. ಕಣ ವಿಪರೀತ ಸಣ್ಣದಾದರೆ ಮಾತ್ರ ಬಿಗಿ ಸಡಿಲವಾಗುತ್ತದೆ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು 2005ರಲ್ಲಿ ಮಾಡಿದ ಲೆಕ್ಕಾಚಾರದ ಪ್ರಕಾರ 1.3 ನ್ಯಾನೊಮೀಟರ್‌ಗಿಂತ ಕೆಳಗೆ ಇಳಿದ ಮೇಲೆ ವ್ಯತ್ಯಾಸ ಕಾಣುತ್ತದೆ, 0.9 ನ್ಯಾನೊಮೀಟರ್‌ನಲ್ಲಿ 200 ಡಿಗ್ರಿಗೆ ಬಿಡಬಹುದು. 0.9 ನ್ಯಾನೊಮೀಟರ್ ಅಂದರೆ ಕೆಲವೇ ಹತ್ತು ಪರಮಾಣುಗಳ ಗುಂಪು. ಅಂಥದ್ದನ್ನು ಕಿಲೋಗಟ್ಟಲೆ ಮಾಡಿ, ಸಾವಿರ ಸಲ ಬಿಸಿ ಮಾಡಿ, ಹಾಗೇ ಉಳಿಸಿಕೊಳ್ಳುವುದು ಸುಲಭವಲ್ಲ.

ನೀವು ಓದಿದ ಸಂಶೋಧನೆ 2011ರದ್ದು, ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ್ದು. ಮೆಗ್ನೀಷಿಯಂನ ಸಾವಯವ ಸಂಯುಕ್ತವೊಂದನ್ನು ದ್ರಾವಣದಲ್ಲಿ ಅಪಕರ್ಷಿಸಿ (ಎಲೆಕ್ಟ್ರಾನ್ ಕೊಟ್ಟು ಲೋಹವಾಗಿಸಿ), ಅದೇ ಪಾತ್ರೆಯಲ್ಲಿ ಪಿಎಂಎಂಎ ಕೂಡ ಇಟ್ಟು, ಸುಮಾರು 5 ನ್ಯಾನೊಮೀಟರ್‌ನ ಮೆಗ್ನೀಷಿಯಂ ಹರಳುಗಳನ್ನು ಪಾಲಿಮರ್ ಒಳಗೇ ಹುಟ್ಟಿಸಿದರು. ಪಿಎಂಎಂಎ ಅಂದರೆ ಅಂಗಡಿಯ ಬೋರ್ಡಿಗೆ ಬಳಸುವ ಅದೇ ಅಕ್ರಿಲಿಕ್. ಹಲಸಿನ ಹಣ್ಣಿನಲ್ಲಿ ಒಂದೊಂದು ಬೀಜ ಒಂದೊಂದು ತೊಳೆಯೊಳಗೆ ಬೇರೆ ಬೇರೆ ಕೂತಿರುತ್ತದಲ್ಲ, ಆ ಥರ ಒಂದೊಂದು ಹರಳೂ ಪಾಲಿಮರ್‌ನ ಒಳಗೆ ಬೇರೆ ಬೇರೆ ಕೂತಿತು. 200 ಡಿಗ್ರಿಯಲ್ಲಿ ಅರ್ಧ ಗಂಟೆಯೊಳಗೆ ಹೈಡ್ರೋಜನ್ ತುಂಬಿತು. ದುಬಾರಿ ಭಾರಲೋಹದ ವೇಗವರ್ಧಕ ಬೇಕಾಗಲಿಲ್ಲ. ಒಳ್ಳೆಯ ಕೆಲಸ. ನನಗೆ ಈಗಲೂ ಅದರ ಮೇಲೆ ಗೌರವವಿದೆ.

ಆದರೆ ಅಲ್ಲಿ ಕೊಟ್ಟ ಎರಡು ಅಂಕಿಗಳನ್ನು ಜೊತೆಗಿಟ್ಟು ಓದಿ. ಮೆಗ್ನೀಷಿಯಂನ ತೂಕಕ್ಕೆ 6 ಶೇಕಡಾ, ಇಡೀ ಮಿಶ್ರಣದ ತೂಕಕ್ಕೆ 4 ಶೇಕಡಾ. ನಡುವಿನ ವ್ಯತ್ಯಾಸ ಪಾಲಿಮರ್‌ನ ತೂಕ. ಅದು ಒಂದು ಹನಿ ಹೈಡ್ರೋಜನನ್ನೂ ಹಿಡಿಯುವುದಿಲ್ಲ. ಇದರ ಮೇಲೆ ಸಿಲಿಂಡರ್, ಬಿಸಿ ಮಾಡುವ ಕೊಳವೆ, ವಾಲ್ವ್ ಎಲ್ಲ ಸೇರಬೇಕು. ಟೊಯೊಟಾ ಮಿರಾಯ್ ಕಾರಿನ 700 ಬಾರ್ ಟ್ಯಾಂಕುಗಳು ತಮ್ಮ ತೂಕವನ್ನೂ ಸೇರಿಸಿಕೊಂಡೇ 5 ಶೇಕಡಾದ ಮೇಲೆ ಹಿಡಿಯುತ್ತವೆ. ಕಾರಿನ ವಿಷಯದಲ್ಲಿ ಈ ವಸ್ತು ಹಿಂದೆ ಬಿದ್ದದ್ದು ಇದಕ್ಕೇ. ಯಾವುದೇ ಪ್ರಬಂಧ ಓದುವಾಗ ಮೊದಲು ಇದನ್ನು ನೋಡಿ: ಶೇಕಡಾ ಯಾವುದರ ತೂಕಕ್ಕೆ? ಲೋಹದ್ದಾ, ಮಿಶ್ರಣದ್ದಾ?

ಈಗ ಪಾಲಿಮರ್‌ನ ಕಾವಲಿನ ಬಗ್ಗೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಇದು ನಮ್ಮ ಕರಾವಳಿಯವರಿಗೆ ಬಹಳ ಹತ್ತಿರದ ವಿಷಯ.

ನ್ಯಾನೊ ಕಣಕ್ಕೆ ಕಾವಲು ಎಷ್ಟು ಮುಖ್ಯ ಅಂತ ಒಂದು ಲೆಕ್ಕದಲ್ಲಿ ತೋರಿಸುತ್ತೇನೆ. ಒಂದು ಮೈಕ್ರಾನ್ ಅಗಲದ ಮೆಗ್ನೀಷಿಯಂ ಗುಂಡಿನ ಹೊರಗಿನ ಒಂದು ನ್ಯಾನೊಮೀಟರ್ ಲೋಹ ಆಕ್ಸೈಡ್ ಆಯಿತು ಅನ್ನಿ. ಹೋದದ್ದು 0.6 ಶೇಕಡಾ ಮಾತ್ರ, ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅದೇ ಒಂದು ನ್ಯಾನೊಮೀಟರ್ ಪದರ 5 ನ್ಯಾನೊಮೀಟರ್ ಅಗಲದ ಹರಳಿನಲ್ಲಿ ಹೋದರೆ? ತ್ರಿಜ್ಯ 2.5ರಿಂದ 1.5ಕ್ಕೆ ಇಳಿಯಿತು. ಉಳಿದ ಲೋಹ 22 ಶೇಕಡಾಕ್ಕೂ ಕಡಿಮೆ. ಹತ್ತರಲ್ಲಿ ಎಂಟು ಪಾಲು ಹೋಯಿತು. ಹೈಡ್ರೋಜನ್ ಬೇಗ ಒಳಗೆ ಹೋಗಲಿ ಅಂತ ಕಣ ಸಣ್ಣ ಮಾಡಿದೆವು, ಅದೇ ಬಾಗಿಲಲ್ಲಿ ಆಮ್ಲಜನಕವೂ ಬೇಗ ನುಗ್ಗುತ್ತದೆ.

ಪಾಲಿಮರ್ ಹೇಗೆ ತಡೆಯುತ್ತದೆ? ಸರಪಣಿಗಳ ನಡುವಿನ ಸಂದಿಯಲ್ಲಿ ಸಣ್ಣ ಅಣು ಸುಲಭವಾಗಿ ನುಸುಳುತ್ತದೆ, ದೊಡ್ಡದಕ್ಕೆ ಕಷ್ಟ. ಹೈಡ್ರೋಜನ್ ಅಣುವಿನ ಅಳತೆ 0.289 ನ್ಯಾನೊಮೀಟರ್, ಆಮ್ಲಜನಕದ್ದು 0.346. ಅಕ್ರಿಲಿಕ್‌ನಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ನೀರಿನ ಅಣು? 0.265. ಹೈಡ್ರೋಜನ್‌ಗಿಂತಲೂ ಸಣ್ಣದು! ಅಳತೆ ನೋಡಿ ಒಳಗೆ ಬಿಡುವ ಪಾಲಿಮರ್ ನೀರನ್ನು ತಡೆಯಲಾರದು. ಸಾಲದ್ದಕ್ಕೆ ಪಿಎಂಎಂಎಯಲ್ಲಿರುವ, ಆಮ್ಲಜನಕ ಸೇರಿದ ಎಸ್ಟರ್ ಗುಂಪುಗಳಿಗೆ ನೀರು ಅಂದರೆ ಇಷ್ಟ. ಪೂರ್ತಿ ನೆನೆದರೆ ತನ್ನ ತೂಕದ ಸುಮಾರು 2 ಶೇಕಡಾ ನೀರು ಕುಡಿಯುತ್ತದೆ.

ಗಾಳಿಯಲ್ಲಿ ಹಾಳಾಗುವುದಿಲ್ಲ ಅಂತ ಯಾರಾದರೂ ಹೇಳಿದರೆ ಯಾವ ಊರಿನ ಗಾಳಿ ಅಂತ ಕೇಳಿ. ಆಟಿ ತಿಂಗಳ ಮಳೆಗಾಲದಲ್ಲಿ ಮಂಗಳೂರಿನಲ್ಲಿ ಉಪ್ಪಿನ ಡಬ್ಬಿ ತೆರೆದಿಟ್ಟರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. 30 ಡಿಗ್ರಿಯಲ್ಲಿ, 90 ಶೇಕಡಾ ತೇವದಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 27 ಗ್ರಾಂ ನೀರಿರುತ್ತದೆ. ಅಷ್ಟು ನೀರು 18 ಗ್ರಾಂ ಮೆಗ್ನೀಷಿಯಂ ತಿಂದು ಹಾಕಬಲ್ಲದು.

ಸಿಲಿಂಡರ್ ಮುಚ್ಚಿರುತ್ತದಲ್ಲ, ಹೊರಗಿನ ತೇವ ಯಾಕೆ ಲೆಕ್ಕ ಅಂತ ನೀವು ಕೇಳಬಹುದು. ನೀರು ಹೈಡ್ರೋಜನ್ ಜೊತೆಗೇ ಬರುತ್ತದೆ. ಸೋಲಾರ್ ಕರೆಂಟಿನಿಂದ ನೀರು ಒಡೆದು ತೆಗೆದ ಹೈಡ್ರೋಜನ್ ಒದ್ದೆಯಾಗಿಯೇ ಹೊರಬರುವುದು. ಅದನ್ನು ಒಣಗಿಸದೆ 30 ಡಿಗ್ರಿ, 35 ಬಾರ್‌ನಲ್ಲಿ ನೇರ ತುಂಬಿದೆವು ಅಂತ ಇಟ್ಟುಕೊಳ್ಳಿ. ಒಂದು ಕೆಜಿ ಹೈಡ್ರೋಜನ್ ಜೊತೆ ಸುಮಾರು 11 ಗ್ರಾಂ ನೀರು ಒಳಗೆ ಹೋಗುತ್ತದೆ. ಒಂದೊಂದು ಸಲ ತುಂಬಿದಾಗಲೂ ಕನಿಷ್ಠ 7 ಗ್ರಾಂ ಮೆಗ್ನೀಷಿಯಂ ನಷ್ಟ. 4 ಶೇಕಡಾ ಮಿಶ್ರಣದಲ್ಲಿ ಒಂದು ಕೆಜಿ ಹೈಡ್ರೋಜನ್‌ಗೆ ಇರುವ ಮೆಗ್ನೀಷಿಯಂ ಸುಮಾರು 17 ಕೆಜಿ. ಸಾವಿರ ಸಲ ತುಂಬುವಷ್ಟರಲ್ಲಿ ಅದರಲ್ಲಿ 7 ಕೆಜಿ ಬೂದಿ! ಅದೇ ಹೈಡ್ರೋಜನನ್ನು ದಶಲಕ್ಷಕ್ಕೆ 5 ಅಂಶ ನೀರಿನ ಮಟ್ಟಕ್ಕೆ ಒಣಗಿಸಿದರೆ ಸಾವಿರ ಸಲಕ್ಕೆ ಹೋಗುವುದು 30 ಗ್ರಾಂ ಅಷ್ಟೇ. ಹಾಗಾಗಿ ಪಾಲಿಮರ್ ಸುಧಾರಿಸುವ ಮೊದಲು ಒಂದು ಒಳ್ಳೆಯ ಡ್ರೈಯರ್ ಕೊಳ್ಳಿ ಅನ್ನುತ್ತೇನೆ. ಪ್ರಬಂಧಗಳಲ್ಲಿ 99.999 ಶೇಕಡಾ ಶುದ್ಧ ಹೈಡ್ರೋಜನ್ ಬಳಸಿರುತ್ತಾರೆ, ಈ ತೊಂದರೆ ಅಲ್ಲಿ ಕಾಣುವುದೇ ಇಲ್ಲ.

ನೀರು ಹಿಡಿಸದ ಪಾಲಿಮರ್ ಹುಡುಕಿದರೆ? ಪಾಲಿಮೀಥೈಲ್‌ಪೆಂಟೀನ್ ಅಂತ ಒಂದು ಉಂಟು. ಬರೀ ಇಂಗಾಲ, ಹೈಡ್ರೋಜನ್. ನೀರು ಕುಡಿಯುವುದೇ ಇಲ್ಲ ಅನ್ನಬಹುದು, ಕರಗುವುದು 230 ಡಿಗ್ರಿಯ ಮೇಲೆ. ಹೈಡ್ರೋಜನನ್ನು ಧಾರಾಳವಾಗಿ ಬಿಡುತ್ತದೆ. ಆದರೆ ಆಮ್ಲಜನಕವನ್ನೂ ಧಾರಾಳವಾಗಿಯೇ ಬಿಡುತ್ತದೆ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಸಾಲುವುದಿಲ್ಲ. ಡೈವಿನೈಲ್‌ಬೆಂಜೀನ್ ಹಾಕಿ ಹೆಣೆದ ಪಾಲಿಸ್ಟೈರೀನ್ ನನಗೆ ಇದಕ್ಕಿಂತ ಭರವಸೆಯದ್ದು ಅನಿಸುತ್ತದೆ. ಸರಪಣಿಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಬಿಸಿಯಾದರೂ ಹರಿಯುವುದಿಲ್ಲ, ನೀರೂ ಅಷ್ಟಾಗಿ ಸೇರುವುದಿಲ್ಲ.

ಒಂದು ಮಾತನ್ನು ದಯವಿಟ್ಟು ಗಟ್ಟಿಯಾಗಿ ನೆನಪಿಡಿ. ನೀರು ಹಿಡಿಯದ ಪಾಲಿಮರ್ ಅಂದ ಕೂಡಲೇ ಟೆಫ್ಲಾನ್ ನೆನಪಾಗುತ್ತದೆ. ಮೆಗ್ನೀಷಿಯಂ ಪುಡಿ ಮತ್ತು ಟೆಫ್ಲಾನ್ ಮಿಶ್ರಣ ಕ್ಷಿಪಣಿಯ ದಾರಿ ತಪ್ಪಿಸಲು ಯುದ್ಧವಿಮಾನಗಳು ಹಾರಿಸುವ ಫ್ಲೇರ್‌ಗಳಲ್ಲಿ ಬಳಸುವ ಮದ್ದು. ಭಯಂಕರ ಬಿಸಿಯಲ್ಲಿ ಉರಿಯುತ್ತದೆ. ಫ್ಲೋರಿನ್ ಇರುವ ಯಾವ ಪಾಲಿಮರನ್ನೂ ಮೆಗ್ನೀಷಿಯಂ ಪುಡಿಯ ಹತ್ತಿರ ತರಬೇಡಿ.

ಇನ್ನು ಬಿಸಿಯ ವಿಷಯ. ಪಿಎಂಎಂಎ ಸುಮಾರು 105 ಡಿಗ್ರಿಯಲ್ಲೇ ಗಡಸುತನ ಬಿಟ್ಟು ರಬ್ಬರಿನ ಗುಣಕ್ಕೆ ಬರುತ್ತದೆ. 200 ಡಿಗ್ರಿಯಲ್ಲಿ ಸರಪಣಿಗಳು ಆರಾಮಾಗಿ ಓಡಾಡುತ್ತವೆ, ಜೊತೆಗೆ ಹರಳುಗಳೂ ಮೆಲ್ಲನೆ ಜರುಗಿ ಒಂದಕ್ಕೊಂದು ಸೇರಿಕೊಳ್ಳಬಹುದು. ಇನ್ನೂ ಬಿಸಿ ಏರಿಸಿದರೆ ಸರಪಣಿ ಬಿಚ್ಚಿ ಮತ್ತೆ ತನ್ನ ಮೂಲ ಅಣುವಾದ ಮೀಥೈಲ್ ಮೆಥಾಕ್ರಿಲೇಟ್ ಆಗಿ ಆವಿಯಾಗುತ್ತದೆ. ಜೊತೆಗೆ ಮೆಗ್ನೀಷಿಯಂ ಹೈಡ್ರೈಡ್ ಆಗುವಾಗ 30 ಶೇಕಡಾ ಉಬ್ಬುತ್ತದೆ, ಬಿಡುವಾಗ ಕುಗ್ಗುತ್ತದೆ. ತುಂಬಿದಾಗೆಲ್ಲ ಉಬ್ಬಿ, ಬಿಟ್ಟಾಗೆಲ್ಲ ಕುಗ್ಗುವ ಈ ಕಣದ ಸುತ್ತ ಪಾಲಿಮರ್ ಬಿರುಕು ಬಿಡಬಾರದು, ಕಳಚಿಕೊಳ್ಳಲೂಬಾರದು. ಈ ಉಬ್ಬುವಿಕೆಯನ್ನು ಪಾಲಿಮರ್ ಅದುಮಿ ಹಿಡಿದರೆ ಹೈಡ್ರೈಡ್‌ನ ಬಿಗಿ ಸಡಿಲವಾಗುತ್ತದಲ್ಲ ಅಂತ ಕೆಲವರು ಯೋಚಿಸುತ್ತಾರೆ. ಗಡಸು ಲೋಹದ ಅಥವಾ ಆಕ್ಸೈಡಿನ ಕವಚವಾದರೆ ಆ ಮಾತಿಗೆ ಅರ್ಥವಿದೆ. ಪಾಲಿಮರ್ ಅಷ್ಟು ಗಟ್ಟಿಯಲ್ಲ, ಕೆಲಸ ಮಾಡುವ ಬಿಸಿಯಲ್ಲಂತೂ ಅಲ್ಲವೇ ಅಲ್ಲ.

ಹಾಗಾದರೆ ಲೋಹವನ್ನೇ ಬದಲಿಸೋಣ ಅನ್ನುವುದು ಇಲ್ಲಿಂದ ಬರುತ್ತದೆ. ಮೆಗ್ನೀಷಿಯಂ ಜೊತೆ ನಿಕ್ಕಲ್ ಮಿಶ್ರಲೋಹ ಮಾಡಿದರೆ ಬಿಗಿ 64 ಕಿಲೋಜೂಲ್‌ಗೆ ಇಳಿಯುತ್ತದೆ, ಆದರೆ ಹಿಡಿಯುವುದು 3.6 ಶೇಕಡಾಕ್ಕೆ ಇಳಿಯುತ್ತದೆ. ಸಿಲಿಕಾನ್ ಸೇರಿಸಿದರೆ ಕಾಗದದ ಮೇಲೆ ಬಿಗಿ ಅರ್ಧಕ್ಕೆ ಬರುತ್ತದೆ, ಆದರೆ ಒಮ್ಮೆ ಮೆಗ್ನೀಷಿಯಂ ಸಿಲಿಸೈಡ್ ಆದ ಮೇಲೆ ಹೈಡ್ರೋಜನ್ ಮರಳಿ ಹೋಗುವುದೇ ಇಲ್ಲ ಅನ್ನುವಷ್ಟು ಕಷ್ಟ.

ಸೋಡಿಯಂ, ಅಲ್ಯುಮಿನಿಯಂ, ಹೈಡ್ರೋಜನ್ ಸೇರಿದ ಸೋಡಿಯಂ ಅಲನೇಟ್ ಇನ್ನೊಂದು ದಾರಿ. 1997ರಲ್ಲಿ ಜರ್ಮನಿಯ ಮ್ಯುಲ್‌ಹೈಮ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಬೊಗ್ಡಾನೊವಿಚ್ ಮತ್ತು ಶ್ವಿಕಾರ್ಡಿ ಅದಕ್ಕೆ ಸ್ವಲ್ಪ ಟೈಟಾನಿಯಂ ಸೇರಿಸಿದರೆ ಹೈಡ್ರೋಜನ್ ಬಿಟ್ಟು ಮತ್ತೆ ಹೀರುತ್ತದೆ ಅಂತ ತೋರಿಸಿದರು. ಮೊದಲ ಹಂತದ ಬಿಗಿ 37 ಕಿಲೋಜೂಲ್ ಮಾತ್ರ, ಸಿಗುವುದು 3.7 ಶೇಕಡಾ. 100ರಿಂದ 150 ಡಿಗ್ರಿಯಲ್ಲಿ ಕೆಲಸ ನಡೆಯುತ್ತದೆ. ಇದನ್ನು ಅಕ್ರಿಲಿಕ್‌ನಲ್ಲಿ ಮಾತ್ರ ಹಾಕಬೇಡಿ. ಅಲನೇಟ್‌ಗಳು ಎಸ್ಟರ್‌ಗಳನ್ನು ಅಪಕರ್ಷಿಸುತ್ತವೆ, ಎಂ.ಎಸ್ಸಿ. ಲ್ಯಾಬಿನಲ್ಲಿ ಲಿಥಿಯಂ ಅಲ್ಯುಮಿನಿಯಂ ಹೈಡ್ರೈಡನ್ನು ಇದೇ ಕೆಲಸಕ್ಕಲ್ಲವಾ ಬಳಸುವುದು? ಕಾವಲುಗಾರನನ್ನೇ ತಿಂದುಬಿಡುತ್ತದೆ. ಇದಕ್ಕೆ ಪಾಲಿಮೀಥೈಲ್‌ಪೆಂಟೀನ್ ಥರದ, ಆಮ್ಲಜನಕದ ಪರಮಾಣುವೇ ಇಲ್ಲದ ಪಾಲಿಮರ್ ಬೇಕು. ಲೋಹ ಮೊದಲು, ಪಾಲಿಮರ್ ಆಮೇಲೆ ಅಂತ ನಾನು ಹೇಳಿದ್ದು ಇಂಥ ಕಾರಣಕ್ಕೇ.

ಕೋಣೆಯ ಬಿಸಿಯಲ್ಲೇ ಕೆಲಸ ಮಾಡುವ ಮಿಶ್ರಲೋಹಗಳೂ ಉಂಟು. ಹಾಲೆಂಡಿನ ಫಿಲಿಪ್ಸ್ ಪ್ರಯೋಗಾಲಯದಲ್ಲಿ ಕಂಡುಕೊಂಡ ಲ್ಯಾಂಥನಂ-ನಿಕ್ಕಲ್, ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ಟೈಟಾನಿಯಂ-ಕಬ್ಬಿಣ. ಮೊದಲನೆಯದು 1.4 ಶೇಕಡಾ, ಎರಡನೆಯದು 1.9ರವರೆಗೆ ಹಿಡಿಯುತ್ತದೆ. ಅಂಕಿ ನೋಡಿದರೆ ಬೇಸರ ಬರಬಹುದು. ಆದರೆ ಪಾಲಿಮರ್‌ಗೆ ಇವುಗಳ ಜೊತೆ ಬಾಳುವುದು ಸುಲಭ, ಯಾಕೆಂದರೆ ಬಿಸಿ 80 ಡಿಗ್ರಿ ದಾಟುವುದಿಲ್ಲ. ಹೈಡ್ರೋಜನ್‌ನಿಂದ ಕರೆಂಟ್ ಮಾಡುವ ಫ್ಯುಯೆಲ್ ಸೆಲ್‌ನಿಂದ ಸುಮ್ನೆ ಹೋಗುವ 80 ಡಿಗ್ರಿ ಬಿಸಿಯೇ ಹೈಡ್ರೋಜನ್ ಬಿಡಿಸಲು ಸಾಕು. ಈ ಮಿಶ್ರಲೋಹಗಳು ತುಂಬಿ ಬಿಡುವ ಕೆಲಸದಲ್ಲಿ ತಾವಾಗಿ ಒಡೆದು ಕೆಲವು ಮೈಕ್ರಾನ್‌ನ ಧೂಳಾಗುತ್ತವೆ. ಆ ಧೂಳು ಸಿಲಿಂಡರ್ ತಳದಲ್ಲಿ ಗಟ್ಟಿಯಾಗಿ ಕೂತು, ಉಬ್ಬುವಾಗ ಗೋಡೆಯನ್ನೇ ತಳ್ಳುತ್ತದೆ, ಇಲ್ಲವೇ ಫಿಲ್ಟರ್ ಕಟ್ಟಿಸುತ್ತದೆ. ಪಾಲಿಮರ್ ಆ ಧೂಳನ್ನು ಇದ್ದಲ್ಲೇ ಹಿಡಿದಿಡುತ್ತದೆ. ಟೈಟಾನಿಯಂ-ಕಬ್ಬಿಣಕ್ಕೆ ಗಾಳಿ, ನೀರು ತಾಗಿದರೆ ಹೈಡ್ರೋಜನ್ ಹೀರುವುದನ್ನೇ ನಿಲ್ಲಿಸಿಬಿಡುವ ಸ್ವಭಾವ, ಅದಕ್ಕೂ ಕಾವಲು ಬೇಕು. ಪಾಲಿಮರ್‌ನ ನಿಜವಾದ ಭವಿಷ್ಯ ಈ ಕಡೆಗೇ ಇದೆ ಅನ್ನುವುದು ನನ್ನ ಅಭಿಪ್ರಾಯ. ನ್ಯಾನೊ ಮೆಗ್ನೀಷಿಯಂನಷ್ಟು ಹೆಸರು ಇದಕ್ಕೆ ಬರಲಿಕ್ಕಿಲ್ಲ, ಆದರೆ ಇದು ಬೇಗ ಕೆಲಸಕ್ಕೆ ಬರುತ್ತದೆ.

ಇನ್ನೊಂದು ದೊಡ್ಡ ವಿಷಯ ಬಿಸಿಯ ಓಡಾಟ. ಒಂದು ಕೆಜಿ ಹೈಡ್ರೋಜನನ್ನು ಮೆಗ್ನೀಷಿಯಂಗೆ ತುಂಬುವಾಗ 37 ಮೆಗಾಜೂಲ್ ಬಿಸಿ ಹೊರಗೆ ಬರುತ್ತದೆ. ಅಂದರೆ ಸುಮಾರು 800 ಗ್ರಾಂ ಎಲ್‌ಪಿಜಿ ಉರಿಸಿದಷ್ಟು. ಹತ್ತು ನಿಮಿಷದಲ್ಲಿ ತುಂಬಬೇಕಾದರೆ 62 ಕಿಲೋವ್ಯಾಟ್ ಬಿಸಿಯನ್ನು ಹೊರಗೆ ಎಳೆಯಬೇಕು. ಎಳೆಯದಿದ್ದರೆ ಒಳಗೆ ಬಿಸಿ ಏರಿ ಹೀರುವುದು ನಿಂತುಹೋಗುತ್ತದೆ. ಬಿಡಿಸುವಾಗ ಅಷ್ಟನ್ನೇ ಮತ್ತೆ ಕೊಡಬೇಕು, ಹೈಡ್ರೋಜನ್‌ನ ಶಕ್ತಿಯಲ್ಲಿ 31 ಶೇಕಡಾ ಅದಕ್ಕೇ ಹೋಗುತ್ತದೆ. ಈಗ ಪಾಲಿಮರ್ ನೋಡಿ. ಅಕ್ರಿಲಿಕ್‌ನ ಉಷ್ಣವಾಹಕತೆ 0.2, ಅಲ್ಯುಮಿನಿಯಂನದ್ದು 230ರ ಮೇಲೆ. ಗಾಳಿ ಬಾರದಂತೆ ಹಾಕಿದ ಗೋಡೆಯೇ ಬಿಸಿಗೂ ಗೋಡೆ. ಇದಕ್ಕೆ ಬಿಸಿಯನ್ನು ಚೆನ್ನಾಗಿ ಸಾಗಿಸುವ ಉಬ್ಬಿಸಿದ ಗ್ರಾಫೈಟ್ ಬೆರೆಸುತ್ತಾರೆ, ಒಳ್ಳೆಯದೇ. ನನಗೆ ಇನ್ನೂ ಒಳ್ಳೆಯದು ಅನಿಸುವುದು ಪಾಲಿಮರ್‌ನ ಸ್ವಂತ ಗುಣವನ್ನೇ ಬಳಸುವುದು. ಪುಡಿಯನ್ನು ತೆಳು ಹಾಳೆಯಾಗಿ ಎಳೆಯಲು ಬರುವುದಿಲ್ಲ, ಪಾಲಿಮರ್ ಮಿಶ್ರಣವನ್ನು ಎಳೆಯಬಹುದು. ಮಿಲಿಮೀಟರ್‌ಗಿಂತ ತೆಳುವಾದ ಹಾಳೆಯನ್ನು ಅಲ್ಯುಮಿನಿಯಂ ರೆಕ್ಕೆಗಳ ಮೇಲೆ ಒತ್ತಿ ಅಂಟಿಸಿದರೆ ಬಿಸಿ ಹೋಗಬೇಕಾದ ದೂರವೂ ಕಡಿಮೆ, ಹೈಡ್ರೋಜನ್ ನಡೆಯಬೇಕಾದ ದೂರವೂ ಕಡಿಮೆ. ಹಾಳೆಯ ದಪ್ಪ ಅರ್ಧ ಮಾಡಿದರೆ ಎರಡಕ್ಕೂ ಸಮಯ ನಾಲ್ಕನೇ ಒಂದಕ್ಕೆ ಇಳಿಯುತ್ತದೆ.

ಈಗ ನಿಮ್ಮ ಬೋಟು. ಡೀಸೆಲ್ ಲೀಟರಿಗೆ ಸುಮಾರು 10 ಕಿಲೋವ್ಯಾಟ್ ಗಂಟೆ, ಎಂಜಿನ್ ಅದರಲ್ಲಿ 35 ಶೇಕಡಾ ತೆಗೆದರೆ 3.5. ಹೈಡ್ರೋಜನ್ ಕೆಜಿಗೆ 33, ಫ್ಯುಯೆಲ್ ಸೆಲ್ ಅರ್ಧ ತೆಗೆದರೆ ಸುಮಾರು 16.5. ಹತ್ತು ದಿನದ ಆಳಸಮುದ್ರದ ಟ್ರಿಪ್ಪಿಗೆ 5,000 ಲೀಟರ್ ಡೀಸೆಲ್ ಹಾಕಿಸುತ್ತೀರಿ ಅಂದುಕೊಂಡರೆ ಅದಕ್ಕೆ ಸಮ ಸುಮಾರು 1,060 ಕೆಜಿ ಹೈಡ್ರೋಜನ್. 1.5 ಶೇಕಡಾ ಹಿಡಿಯುವ ಟೈಟಾನಿಯಂ-ಕಬ್ಬಿಣದಲ್ಲಿ 70 ಟನ್ ಆಗುತ್ತದೆ. 4 ಶೇಕಡಾ ಮೆಗ್ನೀಷಿಯಂ ಮಿಶ್ರಣದಲ್ಲೂ 26 ಟನ್. ಮೀನು ಎಲ್ಲಿ ಹಾಕುವುದು? ಆಳಸಮುದ್ರದ ಬೋಟಿಗೆ ಇದು ಆಗುವುದಿಲ್ಲ ಅಂತ ಸ್ಪಷ್ಟವಾಗಿ ಹೇಳುತ್ತೇನೆ.

ಆದರೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಪ್ರವಾಸಿಗರನ್ನು ಕರೆದುಕೊಂಡು ಹೋಗಿ ಬರುವ ಬೋಟುಗಳ ಲೆಕ್ಕ ಬೇರೆ. ದಿನಕ್ಕೆ 50 ಲೀಟರ್ ಡೀಸೆಲ್ ಸುಡುವ ಬೋಟು ಅನ್ನಿ. ಬೇಕಾಗುವುದು 10.6 ಕೆಜಿ ಹೈಡ್ರೋಜನ್, ಟೈಟಾನಿಯಂ-ಕಬ್ಬಿಣವಾದರೆ ಸುಮಾರು 700 ಕೆಜಿ. ಕಾರಿಗೆ ಇದು ಅಸಾಧ್ಯ. ಬೋಟಿಗೆ ತಳದಲ್ಲಿ ಭಾರ ಇದ್ದರೆ ಅಲುಗಾಟ ಕಡಿಮೆಯಾಗುತ್ತದೆ, ಆ ಜಾಗದಲ್ಲಿ ಇದನ್ನು ಕೂರಿಸಬಹುದು. ರಾತ್ರಿ ದಕ್ಕೆಯಲ್ಲಿ ನಿಂತಿರುವಾಗ ನಿಧಾನ ತುಂಬಿದರೆ ಬಿಸಿ ತೆಗೆಯುವ ತಲೆನೋವೂ ಇಲ್ಲ, ಸಮುದ್ರದ ನೀರೇ ತಂಪು ಮಾಡುತ್ತದೆ. ಇದು ಬರೀ ಊಹೆಯಲ್ಲ. ಜರ್ಮನಿಯ 212 ಮಾದರಿಯ ಜಲಾಂತರ್ಗಾಮಿಗಳು ಲೋಹದ ಹೈಡ್ರೈಡ್‌ನಲ್ಲೇ ಹೈಡ್ರೋಜನ್ ಇಟ್ಟುಕೊಂಡು ಫ್ಯುಯೆಲ್ ಸೆಲ್ ಓಡಿಸುತ್ತವೆ. ಜೂನ್, ಜುಲೈ ತಿಂಗಳ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದಲ್ಲ, ಅಷ್ಟು ದಿನ ಬೋಟು ಸುಮ್ಮನೆ ನಿಂತರೂ ಹೈಡ್ರೈಡ್‌ನಲ್ಲಿರುವ ಹೈಡ್ರೋಜನ್ ಹಾಗೇ ಇರುತ್ತದೆ. ದ್ರವ ಹೈಡ್ರೋಜನ್ ಆದರೆ ಅಷ್ಟರಲ್ಲಿ ಆವಿಯಾಗಿ ಹೋಗಿರುತ್ತದೆ.

ಕೊನೆಗೆ ನಿಮ್ಮ ಪ್ರಾಜೆಕ್ಟ್. ನ್ಯಾನೊ ಮೆಗ್ನೀಷಿಯಂ ಮಾಡಲು ಹೋಗಬೇಡಿ. ಆರ್ಗಾನ್ ತುಂಬಿದ ಗ್ಲವ್ ಬಾಕ್ಸ್ ಇಲ್ಲದೆ ಅದು ಅಪಾಯ, ಗಾಳಿ ತಾಗಿದರೆ ತಾನಾಗಿ ಬೆಂಕಿ ಹತ್ತಬಹುದು. ಆದರೆ ನೀರನ್ನು ತಡೆಯುವ ಪಾಲಿಮರ್ ಯಾವುದು ಅನ್ನುವ ಪ್ರಶ್ನೆಗೆ ದೊಡ್ಡ ಲ್ಯಾಬ್ ಬೇಡ. ಅದೂ ಈ ವಿಷಯದ ಒಂದು ಮುಖ್ಯ ಪ್ರಶ್ನೆಯೇ.

ಶಾಲೆಯ ಲ್ಯಾಬಿನಲ್ಲಿ ಸಿಗುವ ಮೆಗ್ನೀಷಿಯಂ ರಿಬ್ಬನ್ ತೆಗೆದುಕೊಳ್ಳಿ. ಮರಳು ಕಾಗದದಿಂದ ಉಜ್ಜಿ ಹೊಳೆಯುವಂತೆ ಮಾಡಿ, ಒಂದೇ ಉದ್ದಕ್ಕೆ ಕತ್ತರಿಸಿ, ತೂಗಿ. ಕೆಲವಕ್ಕೆ ಟಾಲ್ಯೂಯೀನ್ ಅನ್ನುವ ದ್ರಾವಕದಲ್ಲಿ ಕರಗಿಸಿದ ಪಿಎಂಎಂಎ, ಕೆಲವಕ್ಕೆ ಪಾಲಿಸ್ಟೈರೀನ್ ಲೇಪಿಸಿ, ಫ್ಯೂಮ್ ಹುಡ್ ಒಳಗೆ. ಕೆಲವನ್ನು ಬರಿದೇ ಬಿಡಿ. ಅಸಿಟೋನ್ ಬೇಗ ಒಣಗುತ್ತದೆ ಅಂತ ಅದನ್ನು ಬಳಸಬೇಡಿ. ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುತ್ತದೆ, ಲೇಪ ಬೆಳ್ಳಗಾಗಿ ಒಳಗೆಲ್ಲ ಸಣ್ಣ ತೂತು. ಮಳೆಗಾಲದಲ್ಲಿ ಮರದ ಸಾಮಾನಿಗೆ ಲ್ಯಾಕರ್ ಹೊಡೆದರೆ ಬೆಳ್ಳಗಾಗುವುದಕ್ಕೂ ಇದೇ ಕಾರಣ, ನಿಮ್ಮೂರಿನ ಯಾವ ಪಾಲಿಶ್ ಕೆಲಸದವರನ್ನು ಕೇಳಿದರೂ ಹೇಳುತ್ತಾರೆ.

ಆಮೇಲೆ ಮೂರು ಬಿಗಿ ಮುಚ್ಚಳದ ಗಾಜಿನ ಭರಣಿ. ಒಂದರ ತಳದಲ್ಲಿ ಮೆಗ್ನೀಷಿಯಂ ಕ್ಲೋರೈಡಿನ ಗಟ್ಟಿ ದ್ರಾವಣ, ತಳದಲ್ಲಿ ಕರಗದೆ ಉಳಿದ ಉಪ್ಪು ಕಾಣುವಷ್ಟು ಹಾಕಿ. ಅದರ ಮೇಲಿನ ಗಾಳಿಯಲ್ಲಿ ತೇವ ಸುಮಾರು 33 ಶೇಕಡಾದಲ್ಲಿ ನಿಲ್ಲುತ್ತದೆ. ಅಡುಗೆ ಉಪ್ಪಿನ ಅಂಥದ್ದೇ ದ್ರಾವಣದ ಮೇಲೆ 75 ಶೇಕಡಾ, ಪೊಟ್ಯಾಷಿಯಂ ಸಲ್ಫೇಟ್ ಮೇಲೆ 97 ಶೇಕಡಾ. ತುಂಡುಗಳನ್ನು ದ್ರಾವಣಕ್ಕೆ ತಾಗದಂತೆ ನೂಲಿನಲ್ಲಿ ತೂಗುಬಿಡಿ. ಬರೀ ಪಾಲಿಮರ್ ಹಾಳೆಯ ತುಂಡುಗಳನ್ನೂ ಜೊತೆಗೆ ತೂಗುಬಿಡಿ, ಪಾಲಿಮರ್ ತಾನೇ ಕುಡಿದ ನೀರೆಷ್ಟು ಅಂತ ಕಳೆಯಬೇಕಲ್ಲ. ಎರಡು ದಿನಕ್ಕೊಮ್ಮೆ ತೂಕ ಬರೆದಿಡಿ. ಎರಡು ವಾರದ ಮೇಲೆ ಒಂದೊಂದು ತುಂಡನ್ನು ಫಿನಾಲ್ಫ್ತಲೀನ್ ಹಾಕಿದ ನೀರಿನಲ್ಲಿ ಮುಳುಗಿಸಿ. ಲೇಪದಲ್ಲಿ ತೂತು ಇದ್ದ ಕಡೆ ಗುಲಾಬಿ ಚುಕ್ಕೆ ಏಳುತ್ತದೆ. ಆ ಚುಕ್ಕೆಗಳನ್ನು ಎಣಿಸಿ, ಫೋಟೊ ತೆಗೆಯಿರಿ. ತೂಕ ಏರಿದ್ದು ಪಾಲಿಮರ್ ಮೂಲಕವಾ, ತೂತಿನ ಮೂಲಕವಾ ಅಂತ ಬೇರ್ಪಡಿಸಲು ಅದೇ ದಾರಿ.

ಮುಂದೆ ಯಾವತ್ತಾದರೂ ನಿಜವಾದ ಹೈಡ್ರೈಡ್ ಮಿಶ್ರಣ ನಿಮ್ಮ ಕೈಗೆ ಬಂದು, ಟಿಜಿಎ ಯಂತ್ರದಲ್ಲಿ ಬಿಸಿ ಮಾಡಿ ತೂಕ ಇಳಿಯುವುದನ್ನು ಅಳೆದರೆ, ಇಳಿದದ್ದೆಲ್ಲ ಹೈಡ್ರೋಜನ್ ಅಂತ ಬರೆಯಬೇಡಿ. ಪಾಲಿಮರ್ ಬಿಚ್ಚಿಕೊಂಡರೂ ತೂಕ ಇಳಿಯುತ್ತದೆ. ಹೊರಬರುವ ಅನಿಲವನ್ನು, ಅಣುಗಳನ್ನು ಅವುಗಳ ತೂಕದ ಮೇಲೆ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಕೊಡಿ. 2ರ ಗೆರೆ ಹೈಡ್ರೋಜನ್‌ದು. 41, 69, 100ರ ಗೆರೆಗಳು ಎದ್ದರೆ ಅದು ಮೀಥೈಲ್ ಮೆಥಾಕ್ರಿಲೇಟ್, ನಿಮ್ಮ ಅಕ್ರಿಲಿಕ್ ಹೋಗುತ್ತಿದೆ ಅಂತ ಅರ್ಥ. ಹತ್ತು ಸಲ ತುಂಬಿ ಬಿಟ್ಟ ಮೇಲೆ ಇಡೀ ಮಿಶ್ರಣದ ತೂಕಕ್ಕೆ ಬಂದ ಶೇಕಡಾವನ್ನು ಮೊದಲ ಸಲದ ಶೇಕಡಾದ ಪಕ್ಕದಲ್ಲೇ ಕೊಡಿ, ಯಾವ ಬಿಸಿಯಲ್ಲಿ, ಎಷ್ಟು ಒಣಗಿದ ಹೈಡ್ರೋಜನ್‌ನಲ್ಲಿ ಅಂತಲೂ ಬರೆಯಿರಿ.